ಹೋದ ಕೆಲಸ ಏನಾಯ್ತು? ಹನುಮಂತನಿಂದ ಕಲಿಯುವ ಕೆಲಸದ ರೀತಿ

ನಮ್ಮ ಕಡೆ ಹನುಮಪ್ಪನ ಗುಡಿ ಇಲ್ಲದ ಊರು ಸಿಗುವುದು ಕಷ್ಟ. ಊರ ಬಾಗಿಲಲ್ಲೂ ಅವನೇ, ಗರಡಿಮನೆಯಲ್ಲೂ ಅವನೇ. ಹೀಗಾಗಿ ಹನುಮಂತ ಅಂದ ಕೂಡಲೇ ತೋಳು, ಗದೆ, ಅಂಗೈ ಮೇಲಿನ ಬೆಟ್ಟ, ಇಷ್ಟೇ ಕಣ್ಣಮುಂದೆ ಬರುವುದು. ಆದರೆ ವಾಲ್ಮೀಕಿ ರಾಮಾಯಣದ ಸುಂದರಕಾಂಡವನ್ನು ಒಂದ್ಸಲ ಪಾರಾಯಣದ ಪುಣ್ಯಕ್ಕಲ್ಲ, ಸುಮ್ನೆ ಕಥೆ ಏನು ಅಂತ ನೋಡೋಕೆ ಓದಿ. ಒಟ್ಟು 68 ಸರ್ಗ. ರಾಕ್ಷಸರ ಜೊತೆ ನಿಜವಾದ ಹೊಡೆದಾಟ ಶುರುವಾಗುವುದೇ 40 ಸರ್ಗ ಕಳೆದ ಮೇಲೆ. ಅಲ್ಲಿಯವರೆಗೆ ಆ ಮಹಾರಾಯ ಹಾರುತ್ತಾನೆ, ಅಡಗಿ ಕೂರುತ್ತಾನೆ, ಹುಡುಕುತ್ತಾನೆ, ಹೆದರುತ್ತಾನೆ, ಹೇಗೆ ಮಾತಾಡಲಿ ಅಂತ ತಲೆ ಕೆಡಿಸಿಕೊಳ್ಳುತ್ತಾನೆ.

ಯಾರನ್ನಾದರೂ ಒಂದು ಕೆಲಸಕ್ಕೆ ಕಳಿಸಿದರೆ, ಅವರು ಸಂಜೆ ಚಪ್ಪಲಿ ಬಿಡುವ ಮೊದಲೇ ಮನೆಯವರು ಕೇಳುವ ಮಾತು ಒಂದೇ. ‘ಹೋದ ಕೆಲಸ ಏನಾಯ್ತು?’ ಸುಂದರಕಾಂಡ ಪೂರ್ತಿ ಆ ಪ್ರಶ್ನೆಗೆ ಉತ್ತರ ಅಂತ ನನಗನ್ನಿಸುತ್ತದೆ. ಅದರಲ್ಲಿ ನನ್ನ ದಿನನಿತ್ಯದ ಬದುಕಿಗೆ ಉಪಯೋಗಕ್ಕೆ ಬಂದದ್ದನ್ನು ಇಲ್ಲಿ ಹೇಳುತ್ತೇನೆ. ದೇವರನ್ನು ನಂಬದವರೂ ಓದಬಹುದು, ಏನೂ ತೊಂದರೆ ಇಲ್ಲ.

ಹೊರಡುವ ಮೊದಲು ವಾಪಸ್ ಬರುವ ಲೆಕ್ಕ ಹಾಕಿ

ಇದು ಸುಂದರಕಾಂಡಕ್ಕಿಂತ ಸ್ವಲ್ಪ ಹಿಂದೆ, ಕಿಷ್ಕಿಂಧಾಕಾಂಡದ ಕೊನೆಯಲ್ಲಿ ಬರುತ್ತದೆ. ಸೀತೆಯನ್ನು ಹುಡುಕೋಕೆ ದಕ್ಷಿಣಕ್ಕೆ ಹೋದ ಕೋತಿಗಳ ಗುಂಪಿಗೆ ಅಂಗದ ಮುಖಂಡ. ಕೊಟ್ಟಿದ್ದ ಒಂದು ತಿಂಗಳ ಗಡುವೂ ಮುಗಿದಿದೆ, ಎದುರಿಗೆ 100 ಯೋಜನ ಸಮುದ್ರ. ಯಾರ್‍ಯಾರು ಎಷ್ಟು ಹಾರಬಲ್ಲಿರಿ ಅಂತ ಕೇಳಿದರೆ ಗಜ 10 ಅಂದ, ಗವಾಕ್ಷ 20 ಅಂದ, ಹೀಗೇ ಏರುತ್ತಾ ಹೋಗಿ ವಯಸ್ಸಾದ ಜಾಂಬವಂತ 90 ಆಗಬಹುದು ಅಂದ. ಕೊನೆಗೆ ಅಂಗದನೇ ಬಾಯಿಬಿಟ್ಟ: ನಾನು 100 ಹಾರುತ್ತೇನೆ, ಆದರೆ ವಾಪಸ್ ಬರೋಕಾಗುತ್ತೋ ಇಲ್ಲವೋ ಹೇಳಲಾರೆ.

ಹತ್ತು ಜನರ ಮುಂದೆ ಯುವರಾಜನೊಬ್ಬ ಹೀಗೆ ಹೇಳುವುದಕ್ಕೆ ಧೈರ್ಯ ಬೇಕು. ನಾವಾದರೆ ಹೋಗುವ ದೂರವನ್ನು ಮಾತ್ರ ಎಣಿಸಿ ‘ನಾನಿದ್ದೀನಿ ಬಿಡಿ’ ಅಂದುಬಿಡುತ್ತೇವೆ. ಅಣ್ಣನ ಮಗಳ ಮದುವೆಗೆ ಪಾತ್ರೆ, ಶಾಮಿಯಾನ ತರಿಸುವ ಜವಾಬ್ದಾರಿ ಹೊತ್ತುಕೊಳ್ಳುತ್ತೇವೆ, ಮದುವೆ ಮುಗಿದ ರಾತ್ರಿ ಅವನ್ನೆಲ್ಲ ಎಣಿಸಿ ವಾಪಸ್ ಕಳಿಸುವವರು ಯಾರು ಅಂತ ಕೇಳಿಕೊಳ್ಳುವುದಿಲ್ಲ. ಸಾಲ ಸಿಗುತ್ತಾ ಅಂತ ಹತ್ತು ಕಡೆ ವಿಚಾರಿಸುತ್ತೇವೆ, ಕಂತು ಕಟ್ಟೋಕಾಗುತ್ತಾ ಅಂತ ಒಂದೇ ಒಂದು ಚೀಟಿಯಲ್ಲಿ ಕೂಡಿ ಕಳೆದು ನೋಡುವುದಿಲ್ಲ. ಒಪ್ಪಿಕೊಳ್ಳುವ ಮೊದಲು ಅಂಗದನ ಪ್ರಶ್ನೆ ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಅವನ ಹಾಗೆ ಹೇಳಿಬಿಡಿ, ಮರ್ಯಾದೆ ಏನೂ ಹೋಗುವುದಿಲ್ಲ.

ಇಷ್ಟೆಲ್ಲ ಮಾತು ನಡೆಯುವಾಗ ಹನುಮಂತ ಒಂದು ಪಕ್ಕಕ್ಕೆ ಸುಮ್ಮನೆ ಕೂತಿದ್ದ, ಗೊತ್ತಾ? ಜಾಂಬವಂತ ಹೋಗಿ, ಹೆಸರು ಹಿಡಿದು ಮಾತಾಡಿಸಬೇಕಾಯಿತು. ನೀವು ನಾಲ್ಕು ಜನರನ್ನು ನಡೆಸುವವರಾದರೆ ಗುಂಪಿಗೆ ಪ್ರಶ್ನೆ ಎಸೆಯಬೇಡಿ. ಎಸೆದರೆ ಕೈ ಎತ್ತುವವರು ಯಾವಾಗಲೂ ಅದೇ ಇಬ್ಬರು.

ದಾರಿಯಲ್ಲಿ ಸಿಗುವವರು

ಸಮುದ್ರದ ಮಧ್ಯೆ ಮೈನಾಕ ಪರ್ವತ ಎದ್ದು ಬಂದು, ಸ್ವಲ್ಪ ಹೊತ್ತು ಕೂತು ಗೆಡ್ಡೆ ಗೆಣಸು ತಿಂದುಕೊಂಡು ಹೋಗು ಅನ್ನುತ್ತದೆ. ಪ್ರೀತಿಯಿಂದಲೇ ಕರೆದದ್ದು. ಹನುಮಂತ ಬೇಡ ಅಂತ ಮುಖ ತಿರುಗಿಸಲಿಲ್ಲ, ಹಾಗಂತ ಕೂರಲೂ ಇಲ್ಲ. ಸಮಯ ಇಲ್ಲ, ಮಧ್ಯದಲ್ಲಿ ನಿಲ್ಲುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ನೀನು ಕರೆದದ್ದೇ ಊಟ ಮಾಡಿದ ಹಾಗಾಯಿತು ಅಂತ ಹೇಳಿ, ಬೆಟ್ಟವನ್ನು ಕೈಯಿಂದ ಮುಟ್ಟಿ ಮುಂದೆ ಹೋದ. ಆ ಮುಟ್ಟುವುದೇ ಮುಖ್ಯ. ಊರಿಗೆ ಅರ್ಜೆಂಟ್ ಕೆಲಸಕ್ಕೆ ಹೋದಾಗ ಚಿಕ್ಕಮ್ಮ ‘ಊಟ ಮಾಡ್ಕೊಂಡೇ ಹೋಗ್ಬೇಕು’ ಅಂತ ಬಾಗಿಲಿಗೆ ಅಡ್ಡ ನಿಂತರೆ ಗೇಟಿನಿಂದಲೇ ಕೈ ಬೀಸಿ ಓಡಬೇಡಿ. ಒಳಗೆ ಹೋಗಿ, ಎರಡು ನಿಮಿಷ ಕೂತು, ಒಂದು ಲೋಟ ಮಜ್ಜಿಗೆ ಕುಡಿದು ಎದ್ದುಬಿಡಿ. ಬಸ್ಸೂ ತಪ್ಪುವುದಿಲ್ಲ, ಚಿಕ್ಕಮ್ಮನೂ ಆರು ತಿಂಗಳು ಆಡಿಕೊಳ್ಳುವುದಿಲ್ಲ.

ಆಮೇಲೆ ನಾಗಮಾತೆ ಸುರಸೆ, ನನ್ನ ಬಾಯೊಳಗೆ ಹೊಕ್ಕೇ ಮುಂದೆ ಹೋಗಬೇಕು ಅಂತ ಅಡ್ಡ ನಿಂತಳು. ಅವಳು ಬಾಯಿ ದೊಡ್ಡದು ಮಾಡಿದಷ್ಟೂ ಇವನು ಮೈ ದೊಡ್ಡದು ಮಾಡುತ್ತಾ ಹೋದ. ಇದು ಮುಗಿಯುವ ಜಾತಿಯದಲ್ಲ ಅಂತ ಗೊತ್ತಾದ ಕೂಡಲೇ ಹೆಬ್ಬೆರಳಷ್ಟಾಗಿ ಬಾಯೊಳಗೆ ಹೋಗಿ ಹೊರಗೆ ಬಂದು, ನಿನ್ನ ಮಾತೂ ನಡೆಯಿತು, ನಾನು ಬರ್ತೀನಿ ಅಂದ. ಪಾರ್ಕಿಂಗ್ ಜಗಳ, ಮನೆಯವರ ವಾಟ್ಸಾಪ್ ಗ್ರೂಪಿನ ಜಗಳ, ಎಲ್ಲ ಈ ಲೆಕ್ಕಕ್ಕೇ ಸೇರಿದವು.

ಹುಡುಕುವುದು ಹೇಗೆ

ಕನ್ನಡಕ, ಬೀಗದ ಕೈ, ಕ್ರಯಪತ್ರ, ಏನೇ ಕಳೆದರೂ ಈ ಭಾಗ ನೆನಪಿಗೆ ಬರಬೇಕು.

ಲಂಕೆಗೆ ಹೋದವನು ಹಗಲಲ್ಲಿ ನುಗ್ಗಲಿಲ್ಲ. ಕತ್ತಲಾಗುವವರೆಗೆ ಕಾದು, ಬೆಕ್ಕಿನಷ್ಟು ಚಿಕ್ಕದಾಗಿ ಒಳಗೆ ಹೋದ. ಮನೆ ಮನೆ ಸುತ್ತಿ ರಾವಣನ ಅಂತಃಪುರಕ್ಕೆ ಬಂದರೆ ಅಲ್ಲಿ ಒಬ್ಬಳು ಅಪರೂಪದ ಸುಂದರಿ ಮಲಗಿದ್ದಾಳೆ. ಇವಳೇ ಸೀತೆ! ಅಂದುಕೊಂಡು ಭುಜ ತಟ್ಟಿಕೊಂಡ, ಬಾಲಕ್ಕೆ ಮುತ್ತಿಟ್ಟ, ಕಂಬ ಹತ್ತಿ ಇಳಿದ. ಅಪ್ಪಟ ಕೋತಿ ಕುಣಿತ. ಆಮೇಲೆ ತಾನೇ ನಿಂತು ಯೋಚಿಸಿದ: ರಾಮನಿಂದ ದೂರವಾದ ಸೀತೆ ಹೀಗೆ ಅಲಂಕಾರ ಮಾಡಿಕೊಂಡು, ಕುಡಿದು, ನೆಮ್ಮದಿಯಾಗಿ ಮಲಗುತ್ತಾಳಾ? ಇಲ್ಲ. ಅವಳು ಮಂಡೋದರಿ.

ಗಮನಿಸಿ, ಬೇರೆ ಯಾರೂ ಬಂದು ತಪ್ಪು ತಿದ್ದಲಿಲ್ಲ. ‘ಸಿಕ್ಕಿತು’ ಅಂತ ಖುಷಿಯಾದ ಮೇಲೂ ಒಂದು ಪ್ರಶ್ನೆ ಹಾಕಿಕೊಂಡ, ಅಷ್ಟೇ. ಬಾಡಿಗೆ ಮನೆ ಹುಡುಕುವವರು, ಗಂಡು ಹೆಣ್ಣು ನೋಡುವವರು, ಸೈಟ್ ಕೊಳ್ಳುವವರು ಈ ಕಂಬ ಹತ್ತುವ ಹಂತದಲ್ಲಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಬಾಲ್ಕನಿಯ ಮುಂದಿನ ಮರ ನೋಡಿ ಮರುಳಾಗಿ, ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತೆ ಅಂತ ಕೇಳಲೇ ಇಲ್ಲ. ಆ ಬೇಸಿಗೆ ಪೂರ್ತಿ ಟ್ಯಾಂಕರ್‌ನವರ ಜೊತೆ ಸಂಸಾರ ಮಾಡಿದ್ದಾಯಿತು.

ಮತ್ತೆ ಹುಡುಕಿದ. ಸಿಗಲಿಲ್ಲ. ಆಗ ಬಂತು ನೋಡಿ ನಿಜವಾದ ಕುಸಿತ. ಬರಿಗೈಲಿ ಹೋದರೆ ರಾಮ ಉಳಿಯುವುದಿಲ್ಲ, ಅವನು ಹೋದರೆ ಲಕ್ಷ್ಮಣ ಉಳಿಯುವುದಿಲ್ಲ, ಭರತ, ತಾಯಂದಿರು, ಸುಗ್ರೀವ, ಒಬ್ಬರ ಹಿಂದೆ ಒಬ್ಬರು ಸಾಯುವುದನ್ನು ಮನಸ್ಸಿನಲ್ಲೇ ನೋಡಿಬಿಟ್ಟ, ತಾನು ವಾಪಸ್ ಹೋಗುವುದೇ ಬೇಡ, ಇಲ್ಲೇ ಪ್ರಾಣ ಬಿಡುತ್ತೇನೆ ಅನ್ನುವವರೆಗೂ ಹೋದ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ನಮ್ಮ ತಲೆ ಓಡುವುದೂ ಹೀಗೇ ಅಲ್ವಾ? ಒಂದು ಫೈಲ್ ಕಳೆದದ್ದಕ್ಕೆ ಕೆಲಸ ಹೋಗಿ, ಮನೆ ಹೋಗಿ, ಮಕ್ಕಳ ಓದು ನಿಂತುಹೋಗಿರುತ್ತದೆ.

ಅವನು ಅದರಿಂದ ಹೊರಬಂದ ದಾರಿ ತುಂಬ ಸರಳ. ಸತ್ತರೆ ಏನೂ ಸಿಗುವುದಿಲ್ಲ, ಬದುಕಿದ್ದರೆ ಒಳ್ಳೆಯದನ್ನು ಕಂಡೇನು ಅಂದುಕೊಂಡ. ಆಮೇಲೆ ಕಣ್ಣೆತ್ತಿ ನೋಡಿದ. ಒಂದು ತೋಟ ಕಾಣಿಸಿತು. ಇದನ್ನು ನಾನು ಇನ್ನೂ ನೋಡಿಲ್ಲವಲ್ಲ! ಅದೇ ಅಶೋಕವನ. ಹಾಗಾಗಿ ಏನಾದರೂ ಕಳೆದಾಗ ಹುಡುಕಿದ ಜಾಗವನ್ನೇ ನಾಲ್ಕು ಸಲ ಕೆದಕಬೇಡಿ. ಒಂದು ಹಾಳೆ ತಗೊಂಡು, ಇನ್ನೂ ನೋಡದ ಜಾಗಗಳನ್ನು ಮಾತ್ರ ಬರೆಯಿರಿ. ‘ಅಲ್ಲಿರಲ್ಲ ಬಿಡು’ ಅಂತ ಯಾವುದನ್ನು ಬಿಟ್ಟಿದ್ದೀರೋ ಅದನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ.

ಹೆದರಿದವರ ಹತ್ತಿರ ಮಾತಾಡುವುದು

ಸೀತೆ ಸಿಕ್ಕಳು. ಕೆಲಸ ಮುಗಿಯಿತಾ? ಇಲ್ಲ, ಅವಳು ಇವನನ್ನು ನಂಬಬೇಕು. ಮರದ ಎಲೆಗಳ ಮರೆಯಲ್ಲಿ ಕೂತು ಹನುಮಂತ ಯೋಚನೆ ಮಾಡುತ್ತಾನೆ, ಯಾವ ಭಾಷೆಯಲ್ಲಿ ಮಾತಾಡಲಿ ಅಂತ. ಪಂಡಿತರ ಹಾಗೆ ಸಂಸ್ಕೃತದಲ್ಲಿ ಶುರು ಮಾಡಿದರೆ ರಾವಣನೇ ವೇಷ ಹಾಕಿ ಬಂದಿದ್ದಾನೆ ಅಂದುಕೊಂಡಾಳು, ಚೀರಿದರೆ ಕಾವಲಿನ ರಾಕ್ಷಸಿಯರು ಏಳುತ್ತಾರೆ. ಸಾಮಾನ್ಯ ಜನ ಆಡುವ ಮಾತಿನಲ್ಲೇ ಆಡುತ್ತೇನೆ ಅಂತ ತೀರ್ಮಾನಿಸಿದ. ಎದುರಿಗೆ ಧುಮುಕಲಿಲ್ಲ. ಅಲ್ಲಿಂದಲೇ ಮೆಲ್ಲಗೆ, ದಶರಥ ಅಂತ ಒಬ್ಬ ರಾಜ ಇದ್ದ ಅಂತ ಶುರು ಮಾಡಿದ. ಅವಳಿಗೆ ಗೊತ್ತಿರುವ, ಅವಳದೇ ಮನೆಯ ಕಥೆ.

ನೆನಪಿರಲಿ, ಇದೇ ಹನುಮಂತ ಋಷ್ಯಮೂಕ ಬೆಟ್ಟದ ಹತ್ತಿರ (ನಮ್ಮವರು ಅದನ್ನು ಹಂಪಿ, ಆನೆಗೊಂದಿ ಸುತ್ತಲಿನ ಬಂಡೆಗಳ ನಡುವೆ ತೋರಿಸುತ್ತಾರೆ) ಮೊದಲ ಭೇಟಿಯಲ್ಲೇ ತನ್ನ ಮಾತಿಗೆ ರಾಮನಿಂದ ಹೊಗಳಿಸಿಕೊಂಡವನು. ವೇದ, ವ್ಯಾಕರಣ ಓದಿಕೊಳ್ಳದವನು ಹೀಗೆ ಮಾತಾಡಲಾರ ಅಂದಿದ್ದ ರಾಮ. ಅಂಥವನು ಇಲ್ಲಿ ತನ್ನ ಓದನ್ನು ಬದಿಗಿಟ್ಟ. ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯ ಕಿಟಕಿಯಲ್ಲಿ ಕೂರುವವರು ಈ ಒಂದು ಸರ್ಗ ಓದಿದರೆ ಸಾಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ವಯಸ್ಸಾದವರೊಬ್ಬರು ಪಾಸ್‌ಬುಕ್ ಹಿಡಿದು ನಡುಗುತ್ತಾ ನಿಂತಿದ್ದರೆ ಮೊದಲ ಮಾತು ‘ನಿಮ್ಮ ಕೆವೈಸಿ ಪೆಂಡಿಂಗ್ ಇದೆ’ ಅನ್ನುವುದಲ್ಲ. ‘ನಿಮ್ಮ ದುಡ್ಡಿಗೆ ಏನೂ ಆಗಿಲ್ಲ, ಕೂತ್ಕೊಳಿ, ಒಂದು ಕಾಗದ ಕೊಟ್ಟರೆ ಆಯ್ತು’ ಅನ್ನುವುದು.

ಇಲ್ಲಿ ಸೀತೆಯಿಂದಲೂ ಕಲಿಯುವುದಿದೆ. ಅಷ್ಟು ಕಷ್ಟದಲ್ಲೂ ಅವಳು ತಕ್ಷಣ ನಂಬಲಿಲ್ಲ. ಒಂದ್ಸಲ ಸನ್ಯಾಸಿ ವೇಷಕ್ಕೆ ಮೋಸ ಹೋದವಳು. ನೀನು ರಾಮನ ಕಡೆಯವನಾದರೆ ರಾಮಲಕ್ಷ್ಮಣರು ಹೇಗಿದ್ದಾರೆ ಹೇಳು ಅಂದಳು. ಅವನು ಎಲ್ಲ ಹೇಳಿ, ಆಮೇಲೆ ರಾಮನ ಹೆಸರಿದ್ದ ಉಂಗುರ ಕೊಟ್ಟ. ಅವಳೂ ವಾಪಸ್ ಕಳಿಸುವಾಗ ಚೂಡಾಮಣಿ ಒಂದೇ ಕೊಡಲಿಲ್ಲ, ಚಿತ್ರಕೂಟದಲ್ಲಿ ಕಾಗೆ ಬಂದು ಕುಕ್ಕಿದ ಕಥೆ ಹೇಳಿದಳು, ರಾಮನಿಗೂ ತನಗೂ ಮಾತ್ರ ಗೊತ್ತಿದ್ದ ಸಂಗತಿ ಅದು. ಈಗ ‘ಪೊಲೀಸ್ ಸ್ಟೇಷನ್‌ನಿಂದ ಮಾತಾಡ್ತಿದೀವಿ, ನಿಮ್ಮ ಮಗ ಸಿಕ್ಕಿಬಿದ್ದಿದ್ದಾನೆ’ ಅಂತ ಕರೆ ಬರುವ ಕಾಲ. ಮನೆಯವರೆಲ್ಲ ಕೂತು ಇಂಥದ್ದೊಂದು ಕಾಗೆ ಕಥೆ ಗೊತ್ತು ಮಾಡಿಕೊಳ್ಳಿ, ಹೊರಗಿನವರಿಗೆ ಗೊತ್ತಿರದಂಥದ್ದು. ಫೋನಿನಲ್ಲಿ ದುಡ್ಡು ಕೇಳಿದವರು, ಮಗನ ದನಿಯಲ್ಲೇ ಕೇಳಿದರೂ ಸರಿ, ಅದನ್ನು ಹೇಳಲಿ. ಹೇಳದಿದ್ದರೆ ಇಟ್ಟುಬಿಡಿ.

ಸಿಟ್ಟಿನ ಬಗ್ಗೆ ಎರಡು ಮಾತು

ಲಂಕೆ ಸುಟ್ಟದ್ದನ್ನು ನಾವು ಚಪ್ಪಾಳೆ ತಟ್ಟಿ ಕೇಳುತ್ತೇವೆ. ಹನುಮಂತ ತಟ್ಟಿಕೊಳ್ಳಲಿಲ್ಲ. ಊರು ಉರಿಯುವಾಗ ಅವನಿಗೆ ಥಟ್ಟನೆ ಹೊಳೆಯಿತು, ಸೀತೆಯೂ ಇಲ್ಲೇ ಇದ್ದಾಳಲ್ಲ! ಸಿಟ್ಟಿನಲ್ಲಿ ಹೋದ ಕೆಲಸವನ್ನೇ ಸುಟ್ಟೆನಾ ಅಂತ ತನ್ನನ್ನೇ ಬೈದುಕೊಂಡ. ಬೆಂಕಿಗೆ ನೀರು ಹಾಕುವ ಹಾಗೆ ಸಿಟ್ಟನ್ನು ಆರಿಸುವವರೇ ಪುಣ್ಯವಂತರು ಅಂದುಕೊಂಡ. ಅವಳು ಸುರಕ್ಷಿತ ಅಂತ ಕೇಳಿದ ಮೇಲೂ ಸುಮ್ಮನೆ ಹೊರಡಲಿಲ್ಲ, ಇನ್ನೊಂದು ಸಲ ಕಣ್ಣಾರೆ ನೋಡಿಯೇ ಹೊರಟ. ಬಾಸ್‌ಗೆ ಖಾರವಾಗಿ ಮೇಲ್ ಬರೆದು ಕಳಿಸುವ ಮೊದಲು, ಆ ಬೆಂಕಿಯ ಪಕ್ಕದಲ್ಲಿ ನಿಮ್ಮವರು ಯಾರು ಕೂತಿದ್ದಾರೆ ನೋಡಿಕೊಳ್ಳಿ.

ಬಂದು ವರದಿ ಹೇಳುವುದು

ನಮ್ಮ ಅಪ್ಪನ ಆಪರೇಷನ್ ದಿನ ನಾನು ಬೇರೆ ಊರಿನಲ್ಲಿದ್ದೆ. ಆಸ್ಪತ್ರೆಯಿಂದ ಸೋದರಮಾವ ಫೋನ್ ಮಾಡಿದರು. ‘ನೋಡಪ್ಪಾ, ಬೆಳಿಗ್ಗೆ ಆರಕ್ಕೇ ಬಂದ್ವಿ. ಲಿಫ್ಟ್ ಬೇರೆ ಕೆಟ್ಟಿತ್ತು. ಡಾಕ್ಟರು ಒಂಬತ್ತಕ್ಕೆ ಅಂದೋರು ಬಂದಾಗ ಹತ್ತೂವರೆ...’ ನಾನು ಗೋಡೆ ಹಿಡಿದು ನಿಂತಿದ್ದೆ. ನಾಲ್ಕು ನಿಮಿಷ ಆದ ಮೇಲೆ ಗೊತ್ತಾಯಿತು, ಎಲ್ಲ ಚೆನ್ನಾಗಿ ಮುಗಿದಿದೆ ಅಂತ.

ಹನುಮಂತ ಈ ದಡಕ್ಕೆ ಬಂದು ಇಳಿದಾಗ ಕಾದಿದ್ದವರಿಗೆ ಮೊದಲು ಹೇಳಿದ್ದು, ಕಂಡೆ. ಹರಿಕಥೆ ದಾಸರು ಇದನ್ನೇ ಹಿಡಿದು ಹೇಳುತ್ತಾರೆ: ‘ಸೀತೆಯನ್ನು’ ಅಂತ ಶುರು ಮಾಡಿದ್ದರೆ ಮುಂದಿನ ಪದ ಬರುವಷ್ಟರಲ್ಲಿ ಕೇಳುವವರ ಎದೆ ಒಡೆಯುತ್ತಿತ್ತು, ಅದಕ್ಕೇ ‘ಕಂಡೆ’ ಮೊದಲು ಬಂತು. ನಮ್ಮ ಕನ್ನಡದಲ್ಲಂತೂ ಈ ಕಷ್ಟ ಇನ್ನೂ ಜಾಸ್ತಿ. ಆಯಿತೋ ಆಗಲಿಲ್ಲವೋ ಅನ್ನುವುದು ವಾಕ್ಯದ ಬಾಲದಲ್ಲಿರುತ್ತದೆ. ಹಾಗಾಗಿ ಬೇಕಂತಲೇ ತಿರುಗಿಸಿ. ‘ಆಯ್ತು, ಅಪ್ಪ ಚೆನ್ನಾಗಿದ್ದಾರೆ.’ ‘ಆಗಲಿಲ್ಲ, ಸೋಮವಾರ ಬರೋಕೆ ಹೇಳಿದ್ದಾರೆ.’ ಲಿಫ್ಟ್ ಕಥೆ ಆಮೇಲೆ ಇರಲಿ. ಅವನೂ ಆಮೇಲೆ ಜಾಂಬವಂತ ಕೇಳಿದಾಗ ಮೊದಲಿನಿಂದ ಕೊನೆಯವರೆಗೆ ಕೂತು ವಿವರವಾಗಿ ಹೇಳಿದ, ಒಂದಿಡೀ ಉದ್ದದ ಸರ್ಗ.

ದಾರಿಯಲ್ಲಿ ಕೋತಿಗಳ ಸೈನ್ಯ ಸುಗ್ರೀವನ ಮಧುವನಕ್ಕೆ ನುಗ್ಗಿ ಜೇನು ಕುಡಿದು ಕಾವಲಿನವರಿಗೆ ಹೊಡೆದದ್ದನ್ನೂ ಹೇಳಿಬಿಡುತ್ತೇನೆ. ಕಾವಲಿದ್ದ ದಧಿಮುಖ ಸುಗ್ರೀವನ ಸೋದರಮಾವ, ಹೋಗಿ ದೂರು ಕೊಟ್ಟ. ಸುಗ್ರೀವ ಸಿಟ್ಟಾಗುವುದು ಬಿಟ್ಟು ಖುಷಿಪಟ್ಟ. ಕೆಲಸ ಆಗದೆ ಇವರು ಇಷ್ಟು ಧೈರ್ಯ ಮಾಡುವವರಲ್ಲ ಅಂತ. ಒಳ್ಳೆ ಮೇಲಧಿಕಾರಿ ಅಂದರೆ ಹೀಗಿರಬೇಕು. ಪಾರ್ಟಿಯ ಬಿಲ್ ನೋಡಿಯೇ ಪ್ರಾಜೆಕ್ಟ್ ಮುಗಿದದ್ದು ಗೊತ್ತಾಗಬೇಕು.

ತಂದದ್ದನ್ನು ವಾಪಸ್ ಇಡುವುದು

ಇದು ಯುದ್ಧಕಾಂಡದ ಮಾತು. ಇಂದ್ರಜಿತುವಿನ ಅಸ್ತ್ರಕ್ಕೆ ಎಲ್ಲರೂ ಬಿದ್ದಾಗ ಜಾಂಬವಂತ ನಾಲ್ಕು ಔಷಧಿಗಳ ಹೆಸರು ಹೇಳಿ ಹನುಮಂತನನ್ನು ಹಿಮಾಲಯಕ್ಕೆ ಕಳಿಸಿದ. ಹೋದರೆ ಗಿಡಗಳು ಕಾಣಿಸದ ಹಾಗೆ ಅಡಗಿಕೊಂಡವು. ಶಿಖರವನ್ನೇ ಕಿತ್ತು ತಂದ. ಇಷ್ಟು ಎಲ್ಲರಿಗೂ ಗೊತ್ತು, ಕ್ಯಾಲೆಂಡರಿನಲ್ಲೇ ಇದೆ. ಎಲ್ಲರೂ ಎದ್ದು ಕೂತ ಮೇಲೆ ಏನಾಯಿತು ಅನ್ನುವುದು ಕ್ಯಾಲೆಂಡರಿನಲ್ಲಿಲ್ಲ. ಅವನು ಆ ಬೆಟ್ಟವನ್ನು ಮತ್ತೆ ಹೊತ್ತುಕೊಂಡು ಹಿಮಾಲಯಕ್ಕೆ ಹೋಗಿ, ಇಟ್ಟು, ವಾಪಸ್ ಬಂದ.

ನಮ್ಮ ಮನೆಯ ಅಲ್ಯೂಮಿನಿಯಂ ಏಣಿ ಮೂರನೇ ಮನೆಗೆ ಹೋಗಿ ಎಂಟು ತಿಂಗಳಾಯಿತು. ಅವರ ಹಾಲಿನಲ್ಲಿ ಬೆಟ್ಟ ಹೊತ್ತ ಹನುಮಂತನ ದೊಡ್ಡ ಫೋಟೋ ಇದೆ. ಅದನ್ನು ತೂಗುಹಾಕೋಕೆ ಅಂತಲೇ ಏಣಿ ತಗೊಂಡು ಹೋಗಿದ್ದು.