ರಿವರ್ ರೈಡ್ ಓಡಿತು, ಹಾಕಿದ ರೊಕ್ಕಾನೂ ವಾಪಸ್ ಬಂತು

ಅಟಾರಿ 2600 ಅನ್ನೋ ಹಳೇ ವಿಡಿಯೋ ಗೇಮ್ ಡಬ್ಬಿ ಇಟ್ಟು, ನದಿ ಮೇಲೆ ವಿಮಾನ ಹಾರಿಸೋ ರಿವರ್ ರೈಡ್ ಆಟ ರೊಕ್ಕಕ್ಕೆ ಆಡಿಸ್ತೀನಿ ಅಂದಾಗ ಸೂಪರ್ ಮಾರ್ಕೆಟ್ ಕಡೆಯ ನಮ್ಮ ರಿಪೇರಿ ಬಳಗ ನಕ್ಕಿತ್ತು. "ಮೊಬೈಲ್‌ನಾಗ ಫುಕಟ್ ಸಿಗೋದಕ್ಕ ಯಾರು ರೊಕ್ಕ ಕೊಡ್ತಾರಲೇ?" ಅಂದಿದ್ರು. ಈಗ ಅವರೇ ಸಂಜೆ ಬಂದರೆ ಜಾಯ್‌ಸ್ಟಿಕ್ ಬಿಡಲ್ಲ.

ಡಬ್ಬಿ ಸಿಕ್ಕಿದ್ದು ಕಲಬುರಗಿಯ ಹಳೇ ಗಿರಾಕಿಯೊಬ್ಬರ ಮನೆಯ ಅಟ್ಟದಲ್ಲಿ. ಯಾರೋ ಸಂಬಂಧಿಕರು ಅಮೆರಿಕದಿಂದ ತಂದದ್ದಂತೆ. ಎನ್‌ಟಿಎಸ್‌ಸಿ ಮಾಡೆಲ್, ಅಂದ್ರೆ ಅಮೆರಿಕದ ಟಿವಿ ಪದ್ಧತಿಯದು, ನಮ್ಮ ಟಿವಿಗೆ ಹೊಂದೋದಲ್ಲ. ಗೋಳು ಅಲ್ಲಿಂದಲೇ ಶುರು. ಆಂಟೆನಾ ಕಡೆಯಿಂದ ಕೊಟ್ಟೆ. ಚಿತ್ರ ಹೆಂಗೋ ನಿಂತಿತು, ಬಣ್ಣ ಇಲ್ಲ. ದನಿ ಇಲ್ಲವೇ ಇಲ್ಲ. ಅವರ ಪದ್ಧತಿಯ ದನಿ ಬರೋದು 4.5 ಮೆಗಾಹರ್ಟ್ಸ್‌ನಲ್ಲಿ, ನಮ್ಮ ಟಿವಿ ಹುಡುಕೋದು 5.5ರಲ್ಲಿ.

ಕೊನೆಗೆ ಆಂಟೆನಾ ಸಿಗ್ನಲ್ ಮಾಡಿಕೊಡೋ ಮಾಡ್ಯುಲೇಟರ್ ಕಿತ್ತು ಹಾಕಿದೆ. ಚಿತ್ರ ಹುಟ್ಟಿಸೋ ಟಿಐಎ ಚಿಪ್‌ನಿಂದಲೇ ಲೂಮಾ (ಬೆಳಕು), ಕ್ರೋಮಾ (ಬಣ್ಣ) ಸಿಗ್ನಲ್ ಎತ್ತಿ, ಒಂದು ಟ್ರಾನ್ಸಿಸ್ಟರ್ ದಾಟಿಸಿ ಟಿವಿಯ ಎವಿ ಸಾಕೆಟ್‌ಗೆ ಕೊಟ್ಟೆ. ಬಣ್ಣ ಬಂತು, ಆದರೆ ನದಿಯ ದಂಡೆಗೆ ನೆರಳು ಬೀಳ್ತಿತ್ತು. ರೆಸಿಸ್ಟರ್ ಬದಲಿಸಿ ಬದಲಿಸಿ ಬೆರಳು ಸುಟ್ಟವು. ಯಾವ ವ್ಯಾಲ್ಯೂ ಕೂತಿತು ಅನ್ನೋದು ನನ್ನ ಹತ್ರಾನೇ ಇರಲಿ. ಎನ್‌ಟಿಎಸ್‌ಸಿ ಹಿಡಿಯುವ 21 ಇಂಚಿನ ಹಳೇ ಟಿವಿ ಗುಜರಿಯಲ್ಲಿ 400ರ ಆಸುಪಾಸು ಬಿತ್ತು.

ರೊಕ್ಕ ತಿಂದದ್ದು 7805 ಅನ್ನೋ ವೋಲ್ಟೇಜ್ ರೆಗ್ಯುಲೇಟರ್. ಮೇ ಬಿಸಿಲು 42 ದಾಟಿದರೆ ಅರ್ಧ ಗಂಟೆಗೆ ಚಿತ್ರ ಕುಣಿಯೋದು, ಆಮೇಲೆ ಪರದೆ ಕಪ್ಪು. ಊರಲ್ಲಿ ಕೊಂಡ ಪೀಸ್‌ಗಳು ನಕಲಿ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೇ ಹೋಗಿ ತಂದೆ, ಹಳೇ ಪವರ್ ಸಪ್ಲೈಯ (ಎಸ್‌ಎಂಪಿಎಸ್) ಬಿಸಿ ಎಳೆಯೋ ಹೀಟ್‌ಸಿಂಕ್ ಕೂರಿಸಿದೆ. ಅದೇ ಈಗಲೂ ಓಡ್ತಿದೆ. ರೈಲು ಚಾರ್ಜು ಸೇರಿ ಒಟ್ಟು ಮೂರೂವರೆ, ನಾಲ್ಕು ಸಾವಿರ ಆಗಿರಬೇಕು.

ನಡುವೆ ಎಲ್‌ಇಡಿ ಟಿವಿಗೂ ಹಾಕಿ ನೋಡಿದೆ. ಬಟನ್ ಒತ್ತಿದ ಮೇಲೆ ಒಂದು ಚೂರು ತಡವಾಗಿ ಗುಂಡು ಹೊರಡ್ತದೆ. ಹುಡುಗರು ಅದನ್ನ ತಕ್ಷಣ ಹಿಡಿದುಬಿಟ್ರು. ಪಕ್ಕದಲ್ಲಿ ಕಾಂಟ್ರಾ ಅನ್ನೋ ಗುಂಡಿನ ಆಟ ಇರುವ ಚೀನಾ ಡಬ್ಬಿಯನ್ನೂ ಇಟ್ಟಿದ್ದೆ. 30 ಜೀವದ ಕೋಡ್ ಗೊತ್ತಿದ್ದವರು ಆಟ ಮುಗಿಸಿ ಎದ್ದು ಹೋದರು, ಮತ್ತೆ ಆ ಕಡೆ ತಿರುಗಲಿಲ್ಲ.

ರಿವರ್ ರೈಡ್ ಹಂಗೆ ಮುಗಿಯೋದಲ್ಲ. ಕಾರ್ಟ್ರಿಜ್ ಬರೀ 4 ಕಿಲೋಬೈಟ್, ಯಂತ್ರದ ರ್‍ಯಾಮ್ 128 ಬೈಟ್. ಇಷ್ಟುದ್ದದ ನದಿ ಅದರಲ್ಲಿ ಎಲ್ಲಿ ಹಿಡಿಸಬೇಕು? 1982ರಲ್ಲಿ ಆಕ್ಟಿವಿಷನ್ ಕಂಪನಿಗೆ ಇದನ್ನ ಬರೆದ ಕ್ಯಾರಲ್ ಶಾ ನದಿಯನ್ನ ಕೂಡಿಸಿಡಲೇ ಇಲ್ಲ, ಲೆಕ್ಕದಿಂದ ಹುಟ್ಟಿಸಿದರು. ಲೆಕ್ಕ ಶುರುವಾಗೋದು ಪ್ರತಿ ಸಲ ಒಂದೇ ಅಂಕಿಯಿಂದ. ಹಂಗಾಗಿ ಅದೇ ತಿರುವು, ಅದೇ ಸೇತುವೆ. ಸತ್ತರೆ ತಪ್ಪು ನಿಂದೇ, ನಸೀಬಿನ ಮೇಲೆ ಹಾಕೋ ಹಾಗಿಲ್ಲ. ಅದಕ್ಕೇ ಇನ್ನೊಂದು 10 ರೂಪಾಯಿ ಬರ್ತದೆ.

ಇನ್ನೊಂದು, ನದಿಯಲ್ಲಿ ಬರೋ ವಿಮಾನದ ಎಣ್ಣೆಯ ಟ್ಯಾಂಕು. ಹೊಡೆದರೆ 80 ಪಾಯಿಂಟ್, ಮೇಲೆ ಹಾದರೆ ಎಣ್ಣೆ. ನಿಧಾನಕ್ಕೆ ಹಾದರೆ ಜಾಸ್ತಿ ತುಂಬ್ತದೆ. ಶಾಲೆ ಬಿಟ್ಟು ಬರೋ ಒಬ್ಬ ಹುಡುಗ ಕಡ್ಡಿ ಹಿಂದಕ್ಕೆ ಎಳೆದು, ಉಸಿರು ಬಿಗಿಹಿಡಿದು ಕೇಳ್ತಾನೆ, "ಕಾಕಾ, ಹೊಡೀಲೋ ತುಂಬ್ಕೊಳ್ಲೋ?" ಉತ್ತರ ಹೇಳೋದರೊಳಗೆ ದಂಡೆಗೆ ಗುದ್ದಿರ್ತಾನೆ. ಆ ಕಾಲದಲ್ಲಿ 15,000 ದಾಟಿದ ಪರದೆಯ ಫೋಟೋ ಕಳಿಸಿದವರಿಗೆ ಕಂಪನಿ ಬಟ್ಟೆಯ ಬ್ಯಾಡ್ಜ್ ಕೊಡ್ತಿತ್ತು. ನನ್ನದು 60,000ದ ಹತ್ರ ಇದೆ, ಊರಲ್ಲಿ ಯಾರೂ ಇನ್ನೂ ಮುಟ್ಟಿಲ್ಲ. ಎರಡನೇ ಸೇತುವೆ ಆದಮೇಲೆ ನಾನು ಯಾವ ದಂಡೆ ಹಿಡೀತೀನಿ ಅಂತ ಕೇಳಬೇಡಿ, ಹೇಳಲ್ಲ.

ತಿಂಗಳೊಳಗೆ ಹಾಕಿದ ರೊಕ್ಕ ಬಂತು. ಈಗ ಖರ್ಚು ಅಂದ್ರೆ ಜಾಯ್‌ಸ್ಟಿಕ್ ಒಂದೇ. ಒಳಗಿನ ಸಣ್ಣ ತಗಡಿನ ಬಿಲ್ಲೆಗಳು ಹುಡುಗರ ಕೈಗೆ ತಾಳಲಿಲ್ಲ. ಅದನ್ನ ತೆಗೆದು ಮೈಕ್ರೋಸ್ವಿಚ್ ಹಾಕಿದ್ದೀನಿ, ಒಂದಕ್ಕೆ 15-20 ರೂಪಾಯಿ. ಎಡಗಡೆಯದು ಮಾತ್ರ ಬೇಗ ಹೋಗ್ತದೆ, ಯಾಕೋ.