ಕಾರಿಗೆ ಕಾಗೆ ಸ್ನಾನ

ಐದು ಲೀಟರ್ ನೀರಿನ ಬಕೆಟ್ ಹಿಡಿದು ಕಾರಿನ ಮುಂದೆ ನಿಂತಿದ್ದ ನನ್ನನ್ನು ನೋಡಿ ಅತ್ತೆ ಕೇಳಿದ್ದು ಒಂದೇ ಮಾತು: "ಏನಮ್ಮ, ಗಾಡಿಗೆ ಕಾಗೆ ಸ್ನಾನವೋ?"

ಅದಕ್ಕೂ ಮೊದಲು ಭಾನುವಾರ ಬಂದರೆ ಪೈಪು ಹಿಡಿಯುವವಳೇ ನಾನು. ಕೋಲಾರದಿಂದ ಶ್ರೀನಿವಾಸಪುರಕ್ಕೆ ದಿನವೂ ಓಡಾಡುವ ಕಾರು. ಶನಿವಾರದ ಹೊತ್ತಿಗೆ ಅದರ ಕಡುನೀಲಿ ಬಣ್ಣ ಯಾವುದೆಂದು ನನಗೇ ಮರೆತುಹೋಗುವಷ್ಟು ಕೆಂಪು ಧೂಳು. ಒಂದು ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಮನೆಯ ಸಂಪ್‌ಗೆ ಟ್ಯಾಂಕರ್ ನೀರು ಬರತೊಡಗಿದ ಮೇಲೆ ಲೆಕ್ಕ ಹಾಕುವ ಬುದ್ಧಿ ಬಂತು. ಹದಿನೈದು ಲೀಟರಿನ ಬಕೆಟ್ ತುಂಬಲು ನಮ್ಮ ಪೈಪಿಗೆ ಒಂದೂಕಾಲು ನಿಮಿಷ ಸಾಕು. ನಾನು ಪೈಪು ಬಿಡುತ್ತಿದ್ದದ್ದು ಇಪ್ಪತ್ತೈದು ನಿಮಿಷ. ಅಂದರೆ ಮುನ್ನೂರು ಲೀಟರ್, ಎಲ್ಲವೂ ಚರಂಡಿಗೆ.

ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದು 2024ರ ಮಾರ್ಚ್‌ನಲ್ಲಿ. ಅಲ್ಲಿರುವ ತಂಗಿ ಫೋನಿನಲ್ಲಿ ಗೋಳಾಡಿದಳು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯಲ್ಲಿ ಕುಳಿತು ನಾನು ಕೇಳಿಸಿಕೊಂಡೆ. ಅವರು ಬಳಸಿ ಬಿಟ್ಟ ನೀರೇ ಸಂಸ್ಕರಣೆಯಾಗಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಇಲ್ಲಿ ಕಾರು ತೊಳೆದರೆ ದಂಡ ಹಾಕುವವರು ಯಾರೂ ಇಲ್ಲ; ಟ್ಯಾಂಕರಿನವನ ಬಿಲ್ಲೇ ಸಾಕು.

ನೀರು ಸುರಿಯದೆ, ಜಾಲಿಸದೆ ಕಾರು ತೊಳೆಯುವ ದ್ರಾವಣದ ಬಗ್ಗೆ ಹೇಳಿದ್ದು ಅದೇ ತಂಗಿ. ನಾನು ತರಿಸಿದ್ದು 'ಆಪ್ಟಿಮಮ್ ನೋ ರಿನ್ಸ್' ಎಂಬ ನೀಲಿ ದ್ರಾವಣ. ಶ್ಯಾಂಪೂವಿನಂತೆ ಇದು ನೊರೆ ಕಟ್ಟುವುದಿಲ್ಲ, ಅದಕ್ಕೇ ಜಾಲಿಸಬೇಕಾದದ್ದೂ ಇಲ್ಲ. ಇದರಲ್ಲಿರುವ ಪಾಲಿಮರ್‌ಗಳು ಧೂಳಿನ ಕಣವನ್ನು ಸುತ್ತಿಕೊಂಡು, ಬಣ್ಣಕ್ಕೂ ಕಣಕ್ಕೂ ನಡುವೆ ಜಾರುವ ಗುಣ ತರುತ್ತವೆ; ಕಣ ಬಟ್ಟೆಗೆ ಅಂಟಿಕೊಂಡು ಮೇಲೇಳುತ್ತದೆ. ಅಳತೆ 256 ಪಾಲು ನೀರಿಗೆ ಒಂದು ಪಾಲು, ಐದು ಲೀಟರಿಗೆ ಸುಮಾರು 20 ಮಿಲಿಲೀಟರ್. ಮಗನ ಕೆಮ್ಮಿನ ಔಷಧದ ಹತ್ತು ಮಿಲಿಲೀಟರಿನ ಮುಚ್ಚಳದಲ್ಲಿ ಎರಡು ಸಲ. ಹೆಚ್ಚು ಹಾಕಿದರೆ ಹೆಚ್ಚು ಹೊಳಪೇನೂ ಬರುವುದಿಲ್ಲ, ಗಾಜಿನ ಮೇಲೆ ಮಬ್ಬು ಉಳಿಯುತ್ತದೆ ಅಷ್ಟೇ.

ಮೊದಲ ದಿನ ನಾನು ಮಾಡಿದ್ದು ಶುದ್ಧ ಪೆದ್ದುತನ. ಒಂದೇ ಬಟ್ಟೆಯನ್ನು ಅದ್ದಿ, ಹಿಂಡಿ, ನೆಲ ಒರೆಸುವಂತೆ ಸುತ್ತಿ ಸುತ್ತಿ ಇಡೀ ಕಾರನ್ನು ಒರೆಸಿದೆ. ನೋಡಲು ಲಕಲಕ. ಮರುದಿನ ಸಂಜೆ ಶಾಲೆಯ ಮುಂದೆ ಓರೆ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದಾಗ ಎದೆ ಧಸಕ್ಕೆಂದಿತು: ಜೇಡರ ಬಲೆಯಂತೆ ಸುತ್ತಸುತ್ತಾಗಿ ನವುರು ಗೀರುಗಳು. ಬಣ್ಣದ ಮೇಲಿನ ಪಾರದರ್ಶಕ ಪದರ ತಲೆಗೂದಲಿಗಿಂತ ತೆಳು. ಅದರ ಮೇಲೆ ನಮ್ಮೂರಿನ ಮರಳನ್ನು ಉಜ್ಜಿದವಳು ನಾನೇ. ಪೈಪಿನ ನೀರು ಮಾಡುತ್ತಿದ್ದ ಕೆಲಸವೇನೆಂದು ಆಗ ತಿಳಿಯಿತು: ಕೈ ತಾಗುವ ಮೊದಲೇ ಅದು ಮರಳನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಆ ನೀರಿಲ್ಲದ ಮೇಲೆ ಆ ಕೆಲಸವನ್ನು ಬಟ್ಟೆಗಳೇ ಮಾಡಬೇಕು. ಒಂದು ಬಟ್ಟೆಯಿಂದ ಅದು ಆಗುವುದಿಲ್ಲ.

ಈಗ ನನ್ನ ಬಳಿ ಎಂಟು ಮೈಕ್ರೋಫೈಬರ್ ಬಟ್ಟೆಗಳಿವೆ, ಒಣಗಿಸಲು ಬೇರೆ ಎರಡು. ಬೆಳಿಗ್ಗೆ ಆರೂವರೆಗೆ, ಲೋಹ ಇನ್ನೂ ತಣ್ಣಗಿರುವಾಗಲೇ ಎಂಟನ್ನೂ ಬಕೆಟ್ಟಿಗೆ ಹಾಕುತ್ತೇನೆ. ಅರ್ಧ ಲೀಟರಿನ ಸಿಂಪಡಿಸುವ ಬಾಟಲಿಯಲ್ಲಿ ಅದೇ ದ್ರಾವಣ, ಆದರೆ ಗಟ್ಟಿಯಾಗಿ, 64ಕ್ಕೆ ಒಂದು. ಮೊದಲು ಒಂದು ಬಾಗಿಲಿಗೆ ಅದನ್ನು ಸಿಂಪಡಿಸಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಕೆಂಪು ನೀರು ತಾನಾಗಿಯೇ ಸಣ್ಣ ಕಾಲುವೆಗಳಾಗಿ ಕೆಳಗಿಳಿಯತೊಡಗುತ್ತದೆ. ಆ ಒಂದು ನಿಮಿಷ ಕಾಯುವ ತಾಳ್ಮೆ ಇಲ್ಲದವರು ಪೈಪಿಗೇ ಹೋಗುವುದು ವಾಸಿ.

ಆಮೇಲೆ ಬಟ್ಟೆಯನ್ನು ನಾಲ್ಕಾಗಿ ಮಡಿಸುತ್ತೇನೆ. ಹೀಗೆ ಮಡಿಸಿದರೆ ಒಂದೊಂದು ಬಟ್ಟೆಗೂ ಎಂಟು ಮುಖ. ಒತ್ತದೆ, ಬಟ್ಟೆಯ ಭಾರವಷ್ಟೇ ಬೀಳುವಂತೆ, ನೇರ ಗೆರೆಯಲ್ಲಿ ಒಂದೇ ಎಳೆತ. ತಿರುಗಿಸಿ ನೋಡಿದರೆ ಮಡಿಕೆಯ ಅಂಚಿನಲ್ಲಿ ಹಬ್ಬದ ದಿನ ಹೊಸಿಲಿಗೆ ಬಳಿದ ಕೆಮ್ಮಣ್ಣಿನ ಪಟ್ಟೆಯಂಥದೇ ಒಂದು ಗೆರೆ. ಆ ಮುಖದ ಕೆಲಸ ಅಲ್ಲಿಗೆ ಮುಗಿಯಿತು, ಮುಂದಿನದಕ್ಕೆ ಮಗುಚಬೇಕು. ಎಂಟೂ ಮುಗಿದ ಬಟ್ಟೆ ಬೇರೆ ಬುಟ್ಟಿಗೆ ಹೋಗುತ್ತದೆ, ಮತ್ತೆ ಬಕೆಟ್ಟಿಗೆ ಬರುವುದಿಲ್ಲ. ಹಾಗಾಗಿ ಬಕೆಟ್ಟಿನ ನೀರು ಕೊನೆಯವರೆಗೂ ತಿಳಿಯಾಗಿಯೇ ಇರುತ್ತದೆ. ಮೊದಲು ಮೇಲ್ಛಾವಣಿ ಮತ್ತು ಗಾಜು, ನಂತರ ಬಾನೆಟ್ಟು, ಬಾಗಿಲುಗಳು, ಕಟ್ಟಕಡೆಗೆ ಬಾಗಿಲಿನ ಕೆಳ ಅಂಚು. ಒಂದು ಭಾಗ ಒರೆಸಿದ ಕೂಡಲೇ ಅದನ್ನು ಒಣಗಿಸಿ ಮುಂದೆ ಹೋಗಬೇಕು. ಚಕ್ರಗಳಿಗೆ ಹಳೆಯ ಬನಿಯನ್.

ನೀರು ಉಳಿಸಿದ ಹಮ್ಮಿನಲ್ಲಿ ಇನ್ನೊಂದು ಎಡವಟ್ಟನ್ನೂ ಮಾಡಿಕೊಂಡೆ. ಅಡುಗೆಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಹಿಡಿದು ಅದರಲ್ಲೇ ದ್ರಾವಣ ಬೆರೆಸಿದೆ. ಒಣಗಿದ ಮೇಲೆ ಗಾಜಿನ ತುಂಬ ಬಿಳಿ ಚುಕ್ಕಿ. ನಮ್ಮ ಬೋರ್ ನೀರೇ ಗಡಸು, ಸ್ಟೀಲ್ ಬಿಂದಿಗೆಯ ತಳ ನೋಡಿದರೆ ಸಾಕು. ಯಂತ್ರ ಸೋಸಿ ಬೇಡವೆಂದ ಲವಣವೆಲ್ಲ ಆ ಹೊರನೀರಿನಲ್ಲೇ ಇರುತ್ತದೆ ಎನ್ನುವುದು ಹೊಳೆಯಲಿಲ್ಲ. ಮಕ್ಕಳಿಗೆ ವಿಜ್ಞಾನ ಹೇಳುವವಳು ಬೇರೆ! ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿದಾಗ ಗಾಜು ತಿಳಿಯಾಯಿತು. ಈಗ ಬೀದಿಯ ಕೊನೆಯಲ್ಲಿರುವ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನಲ್ಲಿ ಐದು ಲೀಟರ್ ಕಾರಿಗೆ. ಕುಡಿಯುವ ನೀರು ಹೌದು, ತಂಗಿಗೆ ಹೇಳಿಲ್ಲ.

ಇದು ಎಲ್ಲಕ್ಕೂ ಒಗ್ಗುವುದಿಲ್ಲ. ಮಳೆ ಬಂದಾಗ ಟೊಮೆಟೊ ತೋಟದ ದಾರಿಯಲ್ಲಿ ಹೋಗಿ ಮಡ್‌ಗಾರ್ಡಿಗೆ ಹೆಂಟೆಗಟ್ಟಲೆ ಕೆಸರು ಮೆತ್ತಿಸಿಕೊಂಡು ಬಂದರೆ ನಾನು ಬಟ್ಟೆ ಮುಟ್ಟುವುದಿಲ್ಲ, ನೇರವಾಗಿ ಸರ್ವಿಸ್ ಸ್ಟೇಷನ್ನಿಗೇ. ಹಕ್ಕಿಯ ಹಿಕ್ಕೆ, ಆಯುಧಪೂಜೆಯ ಮರುದಿನ ಬಾನೆಟ್ಟಿನ ಮೇಲೆ ಒಣಗಿದ ಗಂಧ, ಕುಂಕುಮ, ಇವುಗಳ ಮೇಲೆ ದ್ರಾವಣದಲ್ಲಿ ನೆನೆಸಿದ ಬಟ್ಟೆಯನ್ನು ಐದು ನಿಮಿಷ ಹೊದಿಸಿ ಬಿಡಬೇಕು. ಉಗುರು ಹಾಕಿದಿರೋ, ಕೆಟ್ಟಿತು.

ಬಟ್ಟೆಗಳನ್ನು ಒಗೆಯುವುದು ನಿಜವಾಗಿ ಬೇಸರದ ಕೆಲಸ. ಮನೆಯ ಹತ್ತಿ ಬಟ್ಟೆಗಳ ಜೊತೆ ಹಾಕಿದರೆ ಅವುಗಳ ಜುಂಗು ಅಂಟುತ್ತದೆ, ಮೃದುವಾಗಿಸುವ ದ್ರವ ಹಾಕಿದರೆ ಹೀರುವ ಗುಣವೇ ಹೋಗುತ್ತದೆ. ಬೇರೆಯಾಗಿಯೇ, ಒಂದು ಬಕೆಟ್ ನೀರಿನಲ್ಲಿ ಒಗೆದು, ಇನ್ನೊಂದರಲ್ಲಿ ಜಾಲಿಸಿ ಹರವುತ್ತೇನೆ. ಆ ಎರಡು ಬಕೆಟ್ಟನ್ನು ಲೆಕ್ಕಕ್ಕೆ ಸೇರಿಸಿದರೂ ಮೂವತ್ತೈದು ಲೀಟರ್ ಆಗುತ್ತದೆ.

ಬಟ್ಟೆ ಒಗೆದ ಬಕೆಟ್ಟಿನಲ್ಲಿ ಕೊನೆಗೆ ಉಳಿಯುವ ಕೆಂಪು ನೀರನ್ನು ಗಿಡಗಳಿಗೆ ಹಾಕಲು ನನಗೆ ಮನಸ್ಸಿಲ್ಲ. ಅತ್ತೆಗೆ ಅದರದ್ದೇ ಲೆಕ್ಕವಿದೆ. ಗೇಟಿನಾಚೆ, ಟ್ರ್ಯಾಕ್ಟರುಗಳು ಧೂಳೆಬ್ಬಿಸುವ ಜಾಗಕ್ಕೆ ಅದನ್ನು ಚೊಂಬಿನಲ್ಲಿ ಎರಚುತ್ತಾರೆ. ಹತ್ತು ಗಂಟೆಯವರೆಗೆ ಧೂಳು ಏಳುವುದಿಲ್ಲ.