ಒಡೆದ ಕಪ್ಪು ಜೋಡಿಸೋದು: ನನ್ನ ಅನುಭವ

ಕಪ್ಪೋ ಬಟ್ಟಲೋ ಕೈ ಜಾರಿ ಬಿದ್ರೆ ಎಲ್ಲರೂ ಮೊದಲು ಗಮ್ ಹುಡುಕೋಕೆ ಓಡ್ತಾರೆ. ಗಮ್ ಎಲ್ಲಿಗೂ ಹೋಗಲ್ಲ, ಚೂರು ಹೋಗುತ್ತೆ. ಮೇಜಿನ ಕೆಳಗೆ, ಬಾಗಿಲ ಸಂದಿ, ಚಾಪೆ ಅಡಿ ಎಲ್ಲ ನೋಡಿ, ಉಗುರಿನ ತುದಿಯಷ್ಟು ಚೂರಾದ್ರೂ ಎತ್ತಿಡಿ, ಆದ್ರೆ ಬರಿಗೈಲಿ ಗುಡಿಸ್ಬೇಡಿ, ಪಿಂಗಾಣಿ ಅಂಚು ಬ್ಲೇಡಿಗಿಂತ ಏನೂ ಕಮ್ಮಿ ಇಲ್ಲ.

ನಾನು ಸುಮಾರು ಕಾಲದಿಂದ ಹವ್ಯಾಸಕ್ಕೆ ಅಂತ ಒಡೆದ ಪಿಂಗಾಣಿ ಜೋಡಿಸ್ತೀನಿ, ಗೊತ್ತಿರೋರು ಚೂರುಗಳನ್ನ ಕವರಲ್ಲಿ ಹಾಕ್ಕೊಂಡು ತಂದ್ಕೊಡ್ತಾರೆ. ಮಜಾ ಏನಂದ್ರೆ ಕವರ್ ಕೈಗೆ ಬರೋಕೆ ಮುಂಚೆ ಸಮಜಾಯಿಷಿ ಬರುತ್ತೆ. ನಾನಲ್ಲ, ಬೆಕ್ಕು. ಸೋಪ್ ಕೈ, ಜಾರ್ತು. ಅದನ್ನ ಅಂಚಲ್ಲಿ ಯಾರು ಇಡು ಅಂದಿದ್ರು. ಒಂದು ಕಪ್ಪಿಗೆ ಇಷ್ಟೊಂದು ಅಂಜಿಕೆ ಯಾಕೋ, ಬಹುಶಃ ಚಿಕ್ಕವರಿದ್ದಾಗ ಏನೋ ಒಂದು ಒಡೆದು ಬೈಸ್ಕೊಂಡಿದ್ದು ಯಾರಿಗೂ ಪೂರ್ತಿ ಮರೆತಿರಲ್ಲ. ಹಾಗಾಗಿ ಯಾರು ಒಡೆದಿದ್ದು ಅಂತ ನಾನು ಕೇಳೋದೇ ಇಲ್ಲ. ಕೈಗೇನೂ ಆಗ್ಲಿಲ್ವಲ್ಲ ಅಂತೀನಿ, ಆಮೇಲೆ ಇದರಲ್ಲಿ ಮತ್ತೆ ಕುಡೀಬೇಕಾ ಇಲ್ಲಾ ಸುಮ್ನೆ ನೋಡೋಕೆ ಇಟ್ಕೋತೀರಾ ಅಂತ ಕೇಳ್ತೀನಿ. ಮುಂದಿನ ಕೆಲಸವೆಲ್ಲ ಅದಕ್ಕೆ ಕೊಡೋ ಉತ್ತರದ ಮೇಲೆ.

ಮೊದಲು ತೊಳೆದು ಪೂರ್ತಿ ಒಣಗಿಸ್ತೀನಿ. ಹಳೇ ಗಮ್ ಇದ್ರೆ ಬಿಸಿನೀರಲ್ಲಿ ನೆನೆಹಾಕಿ ಕೆರೆದು ತೆಗೀಬೇಕು, ಆಮೇಲೆ ಮುರಿದ ಅಂಚನ್ನ ಅಸಿಟೋನ್ ಅದ್ದಿದ ಬಟ್ಟೆಲಿ ಒರೆಸ್ತೀನಿ, ಬೆರಳ ಜಿಡ್ಡು ಇದ್ರೂ ಹಿಡಿತ ಕಮ್ಮಿ ಆಗುತ್ತೆ. ಇದಾದ್ಮೇಲೆ ಗಮ್ ಇಲ್ದೇನೇ ಒಂದ್ಸಲ ಪೂರ್ತಿ ಜೋಡಿಸಿ ನೋಡೋದು, ಬರೀ ಮಾಸ್ಕಿಂಗ್ ಟೇಪಲ್ಲಿ, ಪ್ರತಿ ಚೂರಿಗೂ ಪೆನ್ಸಿಲ್ಲಲ್ಲಿ ನಂಬರ್ ಹಾಕ್ಕೊಂಡು. ಈ ಹಂತ ಬೋರ್ ಅಂತ ಬಿಡೋರೇ ಜಾಸ್ತಿ. ಆದ್ರೆ ಕ್ರಮ ತಪ್ಪಿದ್ರೆ ಕೊನೇ ಚೂರು ಒಳಗೇ ಹೋಗಲ್ಲ, ಸುತ್ತ ಇರೋವೆಲ್ಲ ಆಗಲೇ ಗಟ್ಟಿಯಾಗಿ ಕೂತಿರುತ್ವೆ. ಶುರುವಲ್ಲಿ ಕೂದಲೆಳೆಯಷ್ಟು ಓರೆ ಆದ್ರೂ ಕೊನೇಲಿ ಅದೇ ದೊಡ್ಡ ಸಂದಿ. ನಾನು ಸಾಮಾನ್ಯವಾಗಿ ತಳದಿಂದ ಮೇಲಕ್ಕೆ ಬರ್ತೀನಿ. ಅಂಟಿಸಿದ್ಮೇಲೆ ಮರಳು ತುಂಬಿದ ಡಬ್ಬದಲ್ಲಿ ಕಪ್ಪನ್ನ ಓರೆಯಾಗಿ ನೆಟ್ಟು ಇಡ್ತೀನಿ, ಮೇಲಿನ ಚೂರು ತನ್ನ ಭಾರಕ್ಕೇ ಸಂದಿ ಮೇಲೆ ಒತ್ತಿ ಕೂರ್ಬೇಕು, ಪಕ್ಕಕ್ಕೆ ಜಾರಬಾರದು.

ಇನ್ನು ಯಾವ ಗಮ್ ಅನ್ನೋದು. ಫಟ್ ಅಂತ ಅಂಟೋ ಇನ್‌ಸ್ಟಂಟ್ ಗಮ್ ನನಗಿಷ್ಟ ಇಲ್ಲ, ಸರಿಪಡಿಸೋಕೆ ಟೈಮೇ ಕೊಡಲ್ಲ, ಸಂದಿ ತುಂಬಲ್ಲ, ಬಿಸಿನೀರಲ್ಲಿ ಪದೇ ಪದೇ ತೊಳೆದ್ರೆ ಬಿಟ್ಕೊಳ್ಳುತ್ತೆ. ನೋಡೋಕೆ ಇಡೋ ವಸ್ತುಗಾದ್ರೆ ಎರಡು ಟ್ಯೂಬಿನ ಎಪಾಕ್ಸಿ, ಅದರಲ್ಲೂ ನಿಧಾನಕ್ಕೆ ಗಟ್ಟಿಯಾಗೋದು, ಬಂಗಾರದ ಗೆರೆ ಬೇಕಂದ್ರೆ ಹಿತ್ತಾಳೆ ಪುಡಿ ಕಲಸಿದ್ರಾಯ್ತು. ಆದ್ರೆ ಅದರಲ್ಲಿ ಏನೂ ಹಾಕಿ ಕುಡಿಯೋ ಹಾಗಿಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ಕುಡಿಯೋಕೇ ಬೇಕು ಅಂದ್ರೆ ಜಪಾನಿನ ಕಿಂಟ್ಸುಗಿ, ಅಂದ್ರೆ ಒಡಕನ್ನ ಮುಚ್ಚಿಡದೆ ಬಂಗಾರದ ಗೆರೆಯಾಗಿ ಎದ್ದು ಕಾಣೋ ಹಾಗೆ ಜೋಡಿಸೋ ದಾರಿ ಹಿಡೀಬೇಕು, ಅಲ್ಲಿ ಬಳಸೋದು ಉರುಶಿ ಅನ್ನೋ ಮರದ ಅಂಟು, ಅದಕ್ಕೆ ಗೋಧಿ ಹಿಟ್ಟು ಕಲಸಿ ಚೂರು ಜೋಡಿಸ್ತಾರೆ. ವಿಚಿತ್ರ ಅಂದ್ರೆ ಅದು ಒಣ ಗಾಳೀಲಿ ಗಟ್ಟಿಯಾಗಲ್ಲ, ತೇವ ಬೇಕು, ಶೇಕಡ 70ರಿಂದ 85ರಷ್ಟು ತೇವಾಂಶ, 20ರಿಂದ 30 ಡಿಗ್ರಿ ಶಾಖ, ಒದ್ದೆ ಬಟ್ಟೆ ಇಟ್ಟ ಮುಚ್ಚಿದ ಪೆಟ್ಟಿಗೇಲಿ ವಾರಗಟ್ಟಲೆ ಇಡ್ಬೇಕು. ಗೇರು ಮರದ ಕುಟುಂಬದ್ದೇ ಆದ್ರಿಂದ ಹಸಿ ಅಂಟು ಚರ್ಮಕ್ಕೆ ತಾಗಿದ್ರೆ ಬೊಬ್ಬೆ ಬರ್ಬಹುದು, ಗ್ಲೌಸ್ ಇಲ್ದೆ ಮುಟ್ಟಲೇಬೇಡಿ.

ಅಂದಹಾಗೆ ಚೆಂದ ಅನ್ನೋದಕ್ಕೆ ಬಂಗಾರವೇ ಬೇಕಂತೇನಿಲ್ಲ. ಟೋಕಿಯೋ ರಾಷ್ಟ್ರೀಯ ಮ್ಯೂಸಿಯಮ್ಮಲ್ಲಿ ಬಕೋಹನ್ ಅಂತ ಒಂದು ಬಟ್ಟಲಿದೆ, ಚೀನಾದಲ್ಲಿ 13ನೇ ಶತಮಾನದಲ್ಲಿ ಮಾಡಿದ್ದು, ತಿಳಿ ಹಸಿರು. ಅದು ಬಿರುಕು ಬಿಟ್ಟಾಗ 15ನೇ ಶತಮಾನದ ಶೋಗುನ್, ಅಂದ್ರೆ ಜಪಾನ್ ಆಳ್ತಿದ್ದ ಸೇನಾಧಿಪತಿ, ಅಶಿಕಾಗಾ ಯೋಶಿಮಾಸಾ, ಇಂಥದ್ದೇ ಇನ್ನೊಂದು ಕೊಡಿ ಅಂತ ಚೀನಾಕ್ಕೆ ಕಳಿಸಿದ್ನಂತೆ. ಇಂಥದ್ದು ಈಗ ಸಿಗಲ್ಲ ಅಂತ ಅಲ್ಲಿಯವರು ಅದಕ್ಕೇ ಲೋಹದ ಕೊಂಡಿ ಹೊಡೆದು ವಾಪಸ್ ಕಳಿಸಿದ್ರು ಅಂತ ಕಥೆ. ಮುಚ್ಚುಮರೆ ಏನಿಲ್ಲ, ಕೊಂಡಿಗಳು ಎದ್ದು ಕಾಣುತ್ವೆ, ಜನ ಅದನ್ನೇ ಇಷ್ಟಪಟ್ರು.

ಈಗ ನಾನೊಂದು ಪದ್ಧತಿ ಮಾಡ್ಕೊಂಡಿದೀನಿ, ಸಾಧ್ಯ ಆದ್ರೆ ಒಡೆದವರನ್ನೂ ಕರ್ಕೊಂಡು ಬನ್ನಿ ಅಂತೀನಿ, ಶಿಕ್ಷೆಗಲ್ಲ, ಟೇಪ್ ಹಿಡಿಯೋಕೆ ಎರಡು ಕೈ ಸಾಲಲ್ಲ ಅದಕ್ಕೆ. ಒಬ್ರು ಅಜ್ಜಿ ಮೊಮ್ಮಗನ ಜೊತೆ ಬಂದಿದ್ರು, ದಾರಿ ಪೂರ್ತಿ ಬೈದಿದ್ರು ಅನ್ಸುತ್ತೆ, ಹುಡುಗ ತಲೆನೇ ಎತ್ತಲಿಲ್ಲ. ಚೂರು ಜೋಡಿಸೋಕೆ ಕೂತ್ಮೇಲೆ ಒಂದು ಚೂರು ಎಲ್ಲಿಯದು ಅಂತ ನನಗೇ ಹೊಳೀತಿಲ್ಲ, ಅವನು ಅದನ್ನ ತಿರುಗಿಸಿ, ಆಂಟಿ ಇದರ ಹೂವಿನ ಎಲೆ ಅಲ್ಲಿ ಮುಂದುವರಿಯುತ್ತೆ ನೋಡಿ ಅಂದ, ಸರಿಯಾಗಿ ಕೂತ್ಕೊಂಡ್ತು. ಅಜ್ಜಿ ಕನ್ನಡಕ ಹಾಕ್ಕೊಂಡು ಪಕ್ಕಕ್ಕೆ ಸರಿದು ಕೂತು, ಹಾಗಾದ್ರೆ ಇದೆಲ್ಲಿ ಹೋಗುತ್ತೋ ಹೇಳು ಅಂತ ಇನ್ನೊಂದು ಚೂರು ಅವನ ಕೈಗೇ ಕೊಟ್ರು. ಆಮೇಲೆ ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಹಾಗಂತ ಎಲ್ಲ ಒಡಕಿಗೂ ಬಂಗಾರ ಬಳೀಬೇಕು ಅನ್ನೋ ಮಾತು ನಾನು ಒಪ್ಪಲ್ಲ. ಜಾರಿ ಬಿದ್ದಿದ್ದು ಬೇರೆ, ಜಗಳದಲ್ಲಿ ಎಸೆದಿದ್ದು ಬೇರೆ. ಗೋಡೆಗೆ ಹೊಡೆದು ಪುಡಿಯಾದ ಒಂದು ಮಗ್ಗನ್ನ ಒಬ್ರು ತಂದಾಗ, ಗೆರೆ ಕಾಣೋ ಹಾಗೆ ಮಾಡ್ಲಾ ಅಂತ ಕೇಳಿದೆ, ಬೇಡ, ದಿನಾ ನೋಡಿ ಅದನ್ನೇ ನೆನೆಸ್ಕೊಳ್ಳೋಕೆ ನಂಗೆ ಶಕ್ತಿ ಇಲ್ಲ ಅಂದ್ರು. ಸರಿ ಅಂತ ಬಿಳಿ ಎಪಾಕ್ಸಿ ಪುಟ್ಟಿ ತುಂಬಿಸಿ, 400, 600, 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಉಪ್ಪುಕಾಗದ) ಒಂದಾದ್ಮೇಲೊಂದು ಹಿಡಿದು ಉಜ್ಜಿ, ಮಗ್ಗಿನ ಬಣ್ಣಕ್ಕೇ ಹೊಂದಿಸಿ ಪೇಂಟ್ ಮಾಡಿದೆ. ಹತ್ರದಿಂದ ನೋಡಿದ್ರೆ ಗೊತ್ತಾಗುತ್ತೆ ಅಂತ ಮೊದಲೇ ಹೇಳಿದ್ದೆ. ಅವರು ಕಿಟಕಿ ಹತ್ರ ಹಿಡಿದು ನೋಡಿ, ಇಷ್ಟು ಕಂಡ್ರೆ ಪರವಾಗಿಲ್ಲ, ಪೆನ್ನು ಹಾಕಿಡ್ತೀನಿ ಅಂದ್ರು.